ಇಂಟರ್ನಲ್ಸ್ ಹೊತ್ತಿಗೆ ಮನೆಯಲ್ಲಿ ಕಷ್ಟ ಬಂದರೆ: ಕಾಲಾವಕಾಶ ಕೇಳುವುದು ಹೇಗೆ, ಯಾರನ್ನ?

ಒಮ್ಮೆ ನವೆಂಬರ್‌ನಲ್ಲಿ ಒಬ್ಬ ಹುಡುಗ ನಮ್ಮ ಪರೀಕ್ಷಾ ವಿಭಾಗದ ಕಿಟಕಿ ಮುಂದೆ ಬಂದು ನಿಂತ. ತಲೆ ಬೋಳಿಸಿದ್ದ. ಏನಾಯಿತು ಅಂತ ಕೇಳುವ ಹಾಗೇ ಇರಲಿಲ್ಲ. ಕೈಯಲ್ಲಿ ವೈಕುಂಠ ಸಮಾರಾಧನೆಯ ಕಾರ್ಡು, ಮಡಿಸಿ ಮಡಿಸಿ ಅಂಚು ಸವೆದಿತ್ತು. "ಮೇಡಂ, ಸೆಮ್ ಎಕ್ಸಾಮ್ ಪೋಸ್ಟ್‌ಪೋನ್ ಮಾಡಿಸ್ಕೊಡಿ" ಅಂದ.

ಸೆಮಿಸ್ಟರ್ ಪರೀಕ್ಷೆಗೆ ಇನ್ನೂ ಮೂರು ವಾರ ಇತ್ತು. ಅದನ್ನು ಒಬ್ಬನಿಗೋಸ್ಕರ ಮುಂದಕ್ಕೆ ಹಾಕುವುದು ನನ್ನ ಕೈಲೂ ಇಲ್ಲ, ಪ್ರಿನ್ಸಿಪಾಲರ ಕೈಲೂ ಇಲ್ಲ. ಆದರೆ ಅವನು ಊರಲ್ಲಿದ್ದ ಹದಿನೇಳು ದಿನದಲ್ಲಿ ಎರಡನೇ ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ, ಮುಗಿದುಹೋಗಿತ್ತು. ಎರಡು ಅಸೈನ್‌ಮೆಂಟ್ ಬಾಕಿ. ಒಂದು ರೆಕಾರ್ಡಿಗೆ ಸಹಿ ಬಿದ್ದಿರಲಿಲ್ಲ. ಇಂಟರ್ನಲ್ ಅಂಕ ಅಪ್‌ಲೋಡ್ ಮಾಡುವ ಪೋರ್ಟಲ್ ಮುಚ್ಚುವುದಕ್ಕೆ ಉಳಿದಿದ್ದು ನಾಲ್ಕೇ ದಿನ. ಇದ್ಯಾವುದರ ಬಗ್ಗೆಯೂ ಅವನು ಬಾಯಿ ಬಿಡಲಿಲ್ಲ, ಯಾಕೆಂದರೆ ಅವನ ತಲೆಯಲ್ಲಿ ಇದ್ದಿದ್ದು ದೊಡ್ಡ ಪರೀಕ್ಷೆ ಒಂದೇ.

ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ನಡುವೆ ಕೆಲವು ವರ್ಷ ಪರೀಕ್ಷಾ ವಿಭಾಗದ ಕೆಲಸವನ್ನೂ ನೋಡಿಕೊಂಡವಳು ನಾನು. ಅಲ್ಲಿ ಕೂತು ನೋಡಿದಾಗ ಕಂಡಿದ್ದು ಇಷ್ಟು: ಕಷ್ಟದಲ್ಲಿರುವ ಮಕ್ಕಳು ತಮ್ಮ ಶಕ್ತಿಯನ್ನೆಲ್ಲ ಆಗದ ಕೆಲಸಕ್ಕೆ ಸುರಿದು, ಆಗುವ ಕೆಲಸವನ್ನು ಕೈಬಿಡುತ್ತಾರೆ. ಸೆಮಿಸ್ಟರ್ ಪರೀಕ್ಷೆ ತಪ್ಪಿದರೆ ಅದು ಮತ್ತೆ ಬರುತ್ತದೆ. ಇಂಟರ್ನಲ್ಸ್ ಬಹುತೇಕ ಕಡೆ ಮತ್ತೆ ಬರುವುದಿಲ್ಲ. ಒಮ್ಮೆ ಪೋರ್ಟಲ್‌ಗೆ ಏರಿಹೋದ ಅಂಕ ನೀವು ಆ ಪೇಪರನ್ನು ಎಷ್ಟು ಸಲ ಬರೆದರೂ ಹಾಗೇ ಕೂತಿರುತ್ತದೆ. ಹಾಜರಿಯೂ ಅಷ್ಟೇ. ಹಾಗಾಗಿ ಮೊದಲು ಕೇಳಬೇಕಾದದ್ದು ಇವೆರಡನ್ನು.

ಮೊದಲು: ಯಾವುದು ಯಾರ ಕೈಲಿದೆ

ಒಂದು ಹಾಳೆ ತಗೊಂಡು ಈ ಸೆಮಿಸ್ಟರ್‌ನಲ್ಲಿ ನಿಮಗೆ ತಪ್ಪಿದ್ದು, ತಪ್ಪಲಿರುವುದು ಎಲ್ಲ ಬರೆಯಿರಿ. ಅಸೈನ್‌ಮೆಂಟ್, ಸೆಮಿನಾರ್, ಟೆಸ್ಟ್, ಲ್ಯಾಬ್, ವೈವಾ, ಹಾಜರಿ, ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ, ಥಿಯರಿ ಪರೀಕ್ಷೆ. ಪ್ರತಿಯೊಂದರ ಮುಂದೆ ಇದನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ ಅಂತ ಬರೆಯಿರಿ.

ಅಸೈನ್‌ಮೆಂಟ್ ದಿನಾಂಕ ಆ ವಿಷಯದ ಮೇಷ್ಟ್ರ ಕೈಲಿ. ಅದಕ್ಕೆ ಪ್ರಿನ್ಸಿಪಾಲ್ ಚೇಂಬರ್ ಹತ್ತಿರ ಕ್ಯೂ ನಿಲ್ಲಬೇಕಾಗಿಲ್ಲ. ಸ್ಟಾಫ್ ರೂಮಿನಲ್ಲಿ ಎರಡು ನಿಮಿಷದ ಮಾತು. ತಪ್ಪಿದ ಟೆಸ್ಟನ್ನು ಮತ್ತೆ ಕೊಡುವುದಕ್ಕೆ ಸಾಮಾನ್ಯವಾಗಿ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಒಪ್ಪಿಗೆ ಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬ್ಯಾಚ್ ಬದಲಾಯಿಸಿಕೊಳ್ಳುವುದು ಕಾಲೇಜಿನ ಮಟ್ಟದಲ್ಲೇ ಎಷ್ಟೋ ಸಲ ಆಗುತ್ತದೆ, ಹೊರಗಿನ ಪರೀಕ್ಷಕರು ಬರುವುದು ಎರಡು ಮೂರು ದಿನವಾದರೆ ಮೊದಲ ದಿನದವರು ಮೂರನೇ ದಿನಕ್ಕೆ ಹೋಗಬಹುದು. ಇದು ತುಂಬ ಜನಕ್ಕೆ ಗೊತ್ತೇ ಇಲ್ಲ, ಸುಮ್ಮನೆ ಗೈರಾಗುತ್ತಾರೆ. ಹಾಜರಿ ಮನ್ನಾ ಪ್ರಿನ್ಸಿಪಾಲರಿಂದ ಶುರುವಾಗಿ ವಿಶ್ವವಿದ್ಯಾಲಯದವರೆಗೆ ಹೋಗಬಹುದು.

ಥಿಯರಿ ಪರೀಕ್ಷೆ ಮಾತ್ರ ಪೂರ್ತಿ ವಿಶ್ವವಿದ್ಯಾಲಯದ ಕೈಲಿ. ಯಾವ ವಿಶ್ವವಿದ್ಯಾಲಯ ಅಂತ ಖಚಿತ ಮಾಡಿಕೊಳ್ಳಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದ ಮೇಲೆ, ನಗರದ ಕೆಲವು ಕಾಲೇಜುಗಳು ಜ್ಞಾನಭಾರತಿ ಆವರಣದ ಮೂಲ ವಿಶ್ವವಿದ್ಯಾಲಯಕ್ಕೆ, ಕೆಲವು ಸೆಂಟ್ರಲ್ ಕಾಲೇಜು ಆವರಣದ ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ, ಇನ್ನು ಕೆಲವು ಕೋಲಾರದಲ್ಲಿ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಂಜಿನಿಯರಿಂಗ್‌ನವರಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಅದರ ಕೇಂದ್ರ ಕಚೇರಿ ಬೆಳಗಾವಿ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿಗೆ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ತಪ್ಪು ಕ್ಯಾಂಪಸ್ಸಿಗೆ ಆಟೋ ಮಾಡಿಕೊಂಡು ಹೋಗಿ ಬಂದವರನ್ನು ನಾನೇ ನೋಡಿದ್ದೇನೆ. ಪರೀಕ್ಷೆಗೆ ಸಂಬಂಧಿಸಿದ ಪತ್ರ ಹೋಗಬೇಕಾದದ್ದು ಕುಲಸಚಿವರು (ಮೌಲ್ಯಮಾಪನ) ಅವರಿಗೆ, ಅದೂ ಪ್ರಿನ್ಸಿಪಾಲರ ಮೂಲಕ. ನೇರವಾಗಿ ಕೊಟ್ಟ ಪತ್ರ "ಕಾಲೇಜಿನ ಮೂಲಕ ಸಲ್ಲಿಸಿ" ಎಂಬ ಷರಾ ಹೊತ್ತು ವಾಪಸ್ ಬರುತ್ತದೆ, ಅಷ್ಟರಲ್ಲಿ ಒಂದು ವಾರ ಹೋಗಿರುತ್ತದೆ.

ನಿಮ್ಮದು ಸ್ವಾಯತ್ತ ಕಾಲೇಜು ಅಥವಾ ಖಾಸಗಿ ವಿಶ್ವವಿದ್ಯಾಲಯವಾದರೆ ಲೆಕ್ಕವೇ ಬೇರೆ. ಅಲ್ಲಿ ಪರೀಕ್ಷಾ ನಿಯಂತ್ರಕರು ನಿಮ್ಮ ಕಟ್ಟಡದಲ್ಲೇ ಕೂತಿರುತ್ತಾರೆ, ನಿಯಮವೂ ಅವರದ್ದೇ. ವರ್ಷದ ಶುರುವಿನಲ್ಲಿ ಕೊಟ್ಟ ಕೈಪಿಡಿಯಲ್ಲಿ ಅದು ಅಚ್ಚಾಗಿರುತ್ತದೆ. ಯಾರೂ ಓದುವುದಿಲ್ಲ. ಓದಿ.

ಆ ದಿನವೇ ಒಂದು ಮೆಸೇಜ್

ಮನೆಯಲ್ಲಿ ಸಾವಾಗಿರುವಾಗ, ಅಮ್ಮನನ್ನು ಐಸಿಯುಗೆ ಸೇರಿಸಿರುವಾಗ ಅರ್ಜಿ ಬರೆಯುತ್ತಾ ಕೂರುವುದಕ್ಕೆ ಯಾರಿಗೂ ಆಗುವುದಿಲ್ಲ. ಬೇಕಾಗಿಯೂ ಇಲ್ಲ. ಆದರೆ ನಾಲ್ಕು ಸಾಲಿನ ಮೆಸೇಜ್ ಹೋಗಬೇಕು, ಟೆಸ್ಟಿಗೆ ಮುಂಚೆ. ಮುಂಚೆ ಹೇಳಿದವನ ಬಗ್ಗೆ ಮೇಷ್ಟ್ರು "ಪಾಪ" ಅನ್ನುತ್ತಾರೆ, ಆಮೇಲೆ ಬಂದು ಹೇಳಿದವನ ಬಗ್ಗೆ "ನಿಜ ಇರಬಹುದಾ?" ಅಂತ ಯೋಚಿಸುತ್ತಾರೆ. ಒಂದೇ ಕಾರಣ, ಎರಡು ಥರದ ಕಿವಿ. ಇದು ಸರಿಯೋ ತಪ್ಪೋ ಬೇರೆ ಮಾತು, ಸ್ಟಾಫ್ ರೂಮ್ ಇರುವುದೇ ಹಾಗೆ.

ಮೆಸೇಜ್ ಹೀಗಿದ್ದರೆ ಸಾಕು:

"ನಮಸ್ತೆ ಸರ್. ನಾನು (ಹೆಸರು), 5ನೇ ಸೆಮ್ ಬಿಕಾಂ 'ಬಿ' ಸೆಕ್ಷನ್, ರೋಲ್ ನಂಬರ್ 42. ನಿನ್ನೆ ರಾತ್ರಿ ನಮ್ಮ ತಂದೆಗೆ ಸ್ಟ್ರೋಕ್ ಆಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಗುರುವಾರದ ಟೆಸ್ಟಿಗೆ ಬರಲು ಆಗುವುದಿಲ್ಲ. ಕಾಲೇಜಿಗೆ ಬಂದ ದಿನವೇ ಪತ್ರ ಮತ್ತು ದಾಖಲೆ ಕೊಡುತ್ತೇನೆ."

ಹೆಸರು, ಸೆಕ್ಷನ್, ರೋಲ್ ನಂಬರ್ ಮೊದಲ ಸಾಲಿನಲ್ಲೇ ಇರಲಿ. ನಮ್ಮಲ್ಲಿ ಒಬ್ಬ ಮೇಷ್ಟ್ರಿಗೆ ಇನ್ನೂರು ಮಕ್ಕಳು. ಅದರಲ್ಲಿ ಏಳು ಜನ ಕಾವ್ಯ. ಕ್ಲಾಸ್ ಟೀಚರ್‌ಗೆ ಅಥವಾ ಮೆಂಟರ್‌ಗೆ ಒಂದು, ಟೆಸ್ಟ್ ಇರುವ ವಿಷಯದವರಿಗೆ ಒಂದು. ಕಾಲೇಜಿನ ಇಮೇಲ್ ಇದ್ದರೆ ಅದರಲ್ಲೂ ಕಳಿಸಿ, ದಿನಾಂಕ ಉಳಿಯುತ್ತದೆ. ಕೈಲಾಗದಿದ್ದರೆ ಗೆಳೆಯನಿಗೆ ಹೇಳಿ, ಅವನು ಕಳಿಸಲಿ. ಸೂತಕದ ಮನೆಯಲ್ಲಿ ಕೂತವರ ಪರವಾಗಿ ಕ್ಲಾಸ್ ರೆಪ್ ಬಂದು ಹೇಳಿಹೋದರೂ ಮುಂಚೆ ತಿಳಿಸಿದ ಲೆಕ್ಕಕ್ಕೇ ಬರುತ್ತದೆ. ಹಾಸ್ಟೆಲ್‌ನಲ್ಲಿರುವವರು ವಾರ್ಡನ್‌ಗೆ ಹೇಳಿ, ರಿಜಿಸ್ಟರ್‌ನಲ್ಲಿ ಬರೆದು ಹೊರಡಿ. ಆ ರಿಜಿಸ್ಟರಿನ ಸಾಲು ಮುಂದೆ ಕೆಲಸಕ್ಕೆ ಬರುತ್ತದೆ.

ಪತ್ರ

ಮಾತು ಎಷ್ಟೇ ಆಗಿರಲಿ, ಪತ್ರ ಬೇಕೇ ಬೇಕು. "ಆಯ್ತಪ್ಪ, ನೋಡೋಣ" ಅಂದ ಮೇಷ್ಟ್ರು ಮುಂದಿನ ತಿಂಗಳು ಬೇರೆ ಕಾಲೇಜು ಸೇರಿರುತ್ತಾರೆ. ಅತಿಥಿ ಉಪನ್ಯಾಸಕರಾಗಿದ್ದರಂತೂ ಇನ್ನೂ ಬೇಗ.

ಒಂದು ಪುಟ ಮೀರಬೇಡಿ. ಸರ್ಕಾರಿ ಕಾಲೇಜು, ರಾಜ್ಯ ವಿಶ್ವವಿದ್ಯಾಲಯಕ್ಕೆ ಕನ್ನಡದಲ್ಲೇ ಬರೆಯಿರಿ, ಅಲ್ಲಿ ಕಡತ ನೋಡುವ ಗುಮಾಸ್ತರು ಓದುವುದೂ ಕನ್ನಡವನ್ನೇ. ಹೀಗೆ:

ಇಂದ:
(ಹೆಸರು), 5ನೇ ಸೆಮಿಸ್ಟರ್ ಬಿ.ಕಾಂ., 'ಬಿ' ವಿಭಾಗ, ನೋಂದಣಿ ಸಂಖ್ಯೆ (…)

ಇವರಿಗೆ:
ಪ್ರಾಂಶುಪಾಲರು

ಮೂಲಕ: ವಿಭಾಗದ ಮುಖ್ಯಸ್ಥರು, ವಾಣಿಜ್ಯ ವಿಭಾಗ

ಮಾನ್ಯರೇ,

ವಿಷಯ: ಎರಡನೇ ಆಂತರಿಕ ಪರೀಕ್ಷೆಯನ್ನು ಮತ್ತೆ ಬರೆಯಲು ಹಾಗೂ ಅಸೈನ್‌ಮೆಂಟ್ ಸಲ್ಲಿಸಲು ಕಾಲಾವಕಾಶ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ತಂದೆಯವರು ನವೆಂಬರ್ 3ರಂದು ತೀರಿಕೊಂಡರು. ಉತ್ತರಕ್ರಿಯೆಗಾಗಿ ನವೆಂಬರ್ 3ರಿಂದ 19ರವರೆಗೆ ನಾನು ಊರಿನಲ್ಲಿದ್ದೆ. ಈ ಅವಧಿಯಲ್ಲಿ ನಡೆದ ಕಾಸ್ಟ್ ಅಕೌಂಟಿಂಗ್ ಮತ್ತು ಆದಾಯ ತೆರಿಗೆ ವಿಷಯಗಳ ಆಂತರಿಕ ಪರೀಕ್ಷೆ ಬರೆಯಲು ಆಗಲಿಲ್ಲ. ನವೆಂಬರ್ 21 ಅಥವಾ 22ರಂದು ಈ ಎರಡು ಪರೀಕ್ಷೆ ಬರೆಯಲು ಅವಕಾಶ ಕೊಡಬೇಕೆಂದೂ, ಎರಡು ಅಸೈನ್‌ಮೆಂಟ್‌ಗಳನ್ನು ನವೆಂಬರ್ 22ರೊಳಗೆ ಸ್ವೀಕರಿಸಬೇಕೆಂದೂ, ಗೈರುಹಾಜರಿಯನ್ನು ಮನ್ನಾ ಮಾಡಬೇಕೆಂದೂ ಕೋರುತ್ತೇನೆ. ದಾಖಲೆಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ, ದಿನಾಂಕ, ಮೊಬೈಲ್ ಸಂಖ್ಯೆ, ಪೋಷಕರ ಸಹಿ)

ಇದರಲ್ಲಿ ಕೆಲಸ ಮಾಡುವುದು ದಿನಾಂಕಗಳು. "ದಯವಿಟ್ಟು ಸ್ವಲ್ಪ ಟೈಮ್ ಕೊಡಿ" ಅಂತ ಬರೆದರೆ ಆ ಪತ್ರದ ಮೇಲೆ ಯಾರೂ ಏನೂ ಬರೆಯಲಾರರು. "22ರೊಳಗೆ" ಅಂತ ಇದ್ದರೆ ಎಚ್‌ಒಡಿ ಮೂಲೆಯಲ್ಲಿ "ಅನುಮತಿಸಿದೆ" ಅಂತ ಗೀಚಿ ಸಹಿ ಹಾಕುವುದು ಸುಲಭ. ಪತ್ರ ನೋಡುವವರಿಗೆ ನಿರ್ಧಾರದ ಕೆಲಸವನ್ನು ನೀವೇ ಮುಕ್ಕಾಲು ಮಾಡಿಕೊಟ್ಟಿರುತ್ತೀರಿ. ಹಾಗೆಯೇ, ನೀವು ಬರೆದ ದಿನ ನಿಮ್ಮಿಂದ ಆಗುವಂಥದ್ದಾಗಿರಬೇಕು. ಎರಡನೇ ಸಲ ಕಾಲಾವಕಾಶ ಕೇಳುವವರಿಗೆ ಸಿಗುವ ಮುಖವೇ ಬೇರೆ.

ಈಗ ಮುಖ್ಯವಾದ ಮಾತು. ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಕಚೇರಿಯ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಬಿಟ್ಟು ಹೋಗಪ್ಪ, ನಾನು ಕೊಡ್ತೀನಿ" ಅಂದರೆ ನಗುತ್ತಲೇ "ಒಂದು ಸೀಲು ಹಾಕ್ಕೊಡಿ ಸರ್, ಮನೇಲಿ ಕೇಳ್ತಾರೆ" ಅನ್ನಿ. ಆ ಸೀಲು ಬಿದ್ದ ಹಾಳೆಯ ಫೋಟೋ ತೆಗೆದು ನಿಮಗೆ ನೀವೇ ಕಳಿಸಿಕೊಳ್ಳಿ.

ದಾಖಲೆ ಯಾವುದು ನಡೆಯುತ್ತೆ

ಮರಣ ಪ್ರಮಾಣಪತ್ರ ಕೂಡಲೇ ಸಿಗುವುದಿಲ್ಲ. ಸಾವನ್ನು ನೋಂದಾಯಿಸುವುದಕ್ಕೇ ಕಾನೂನು 21 ದಿನ ಕೊಟ್ಟಿದೆ. ಅಷ್ಟರವರೆಗೆ ಆಸ್ಪತ್ರೆಯ ಪತ್ರ, ಚಿತಾಗಾರದ ರಸೀದಿ, ತಿಥಿ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಚರ್ಚಿನಿಂದ ಅಥವಾ ಮಸೀದಿಯಿಂದ ಒಂದು ಪತ್ರ, ಇದ್ದದ್ದನ್ನು ಕೊಡಿ. "ಪ್ರಮಾಣಪತ್ರ ಬಂದ ಕೂಡಲೇ ಸಲ್ಲಿಸುತ್ತೇನೆ" ಅಂತ ಒಂದು ಸಾಲು ಸೇರಿಸಿ. ಆ ಹುಡುಗನ ಸವೆದ ಕಾರ್ಡು ನಮ್ಮಲ್ಲಿ ನಡೆಯಿತು. ಅದರ ಹಿಂದೆ ಅವನು ಊರಿಗೆ ಹೋದ ಬಸ್ಸಿನ ಟಿಕೆಟ್ಟನ್ನೂ ಅಂಟಿಸಿದ್ದ. ಯಾರೂ ಕೇಳಿರಲಿಲ್ಲ. ಆ ಟಿಕೆಟ್ ನೋಡಿ ನಮ್ಮ ಸೂಪರಿಂಟೆಂಡೆಂಟ್ ಒಂದು ನಿಮಿಷ ಮಾತಾಡಲಿಲ್ಲ, ಕುರ್ಚಿ ಎಳೆದು "ಕೂತ್ಕೊಳ್ಳಪ್ಪ" ಅಂದರು.

ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರ. ಅದರಲ್ಲಿ ವೈದ್ಯರ ಹೆಸರು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುವ ಸೀಲು, ಯಾವ ದಿನದಿಂದ ಯಾವ ದಿನದವರೆಗೆ ವಿಶ್ರಾಂತಿ ಎಂಬುದು ಇರಬೇಕು. "ಜ್ವರವಿತ್ತು" ಅಂತಷ್ಟೇ ಇದ್ದು ದಿನಾಂಕವಿಲ್ಲದ ಹಾಳೆ ರದ್ದಿ. ಕಾಯಿಲೆ ಬಿದ್ದಾಗಲೇ ಡಾಕ್ಟರ ಹತ್ತಿರ ಹೋಗಿ. ಹತ್ತು ದಿನ ಬಿಟ್ಟು ಹೋಗಿ ಹಿಂದಿನ ತಾರೀಕು ಹಾಕಿಸಿಕೊಂಡ ಸರ್ಟಿಫಿಕೇಟು ದೂರದಿಂದಲೇ ಗೊತ್ತಾಗುತ್ತದೆ. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಯ ಒಪಿಡಿ ಚೀಟಿ, ಡಿಸ್ಚಾರ್ಜ್ ಸಮ್ಮರಿ ಇದ್ದರೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ. ಔಷಧಿ ಅಂಗಡಿಯ ಬಿಲ್ಲನ್ನೂ ಎಸೆಯಬೇಡಿ. ದುಡ್ಡು ಕೊಟ್ಟು ತರುವ ಸರ್ಟಿಫಿಕೇಟಿನ ತಂಟೆಗೆ ಹೋಗಬೇಡಿ. ಒಂದೇ ಕ್ಲಿನಿಕ್ಕಿನ, ಒಂದೇ ಕೈಬರಹದ ಆರು ಸರ್ಟಿಫಿಕೇಟು ಒಂದೇ ವಾರ ನನ್ನ ಮೇಜಿಗೆ ಬಂದದ್ದುಂಟು. ಆರನೆಯದು ನಿಜವಾದದ್ದೇ ಇರಬಹುದಿತ್ತು, ಅದನ್ನೂ ಯಾರೂ ನಂಬಲಿಲ್ಲ.

ದಾಖಲೆಯೇ ಇಲ್ಲದ ಕಷ್ಟಗಳೂ ಇವೆ. ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ, ಬಾಡಿಗೆ ಮನೆ ಖಾಲಿ ಮಾಡಿಸಿದ್ದಾರೆ, ರಾತ್ರಿ ಡೆಲಿವರಿ ಕೆಲಸ ಬಿಟ್ಟರೆ ಫೀಸು ಕಟ್ಟಲಾಗುವುದಿಲ್ಲ. ಇವಕ್ಕೆ ಯಾವ ಸೀಲು ಸಿಗುತ್ತದೆ? ಇಂಥ ಕಡೆ ಮೆಂಟರ್ ಹತ್ತಿರ ಒಬ್ಬರೇ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡಿ. ಅವರು ಎಚ್‌ಒಡಿಗೆ "ನನಗೆ ವಿಷಯ ಗೊತ್ತಿದೆ, ನಿಜ" ಅಂತ ಒಂದು ಸಾಲು ಬರೆದುಕೊಟ್ಟರೆ ಅದೇ ದಾಖಲೆ. ಎಲ್ಲ ಮೆಂಟರುಗಳೂ ಅಂಥವರಲ್ಲ, ಒಪ್ಪುತ್ತೇನೆ. ಆದರೂ ಪ್ರತಿ ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಇರುತ್ತಾರೆ. ಯಾರು ಅಂತ ಸೀನಿಯರ್ಸ್‌ಗೆ ಗೊತ್ತಿರುತ್ತದೆ.

ಹಾಜರಿಯ ಲೆಕ್ಕ

ಸಾಮಾನ್ಯ ಪದವಿಗಳಲ್ಲಿ 75% ಹಾಜರಿ ಬೇಕು. ವಿಟಿಯುನಲ್ಲಿ 85%, ಸಕಾರಣವಿದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ 10%ವರೆಗೆ ಮನ್ನಾ. ಎಂಬಿಬಿಎಸ್‌ನಂಥ ಕೋರ್ಸುಗಳಲ್ಲಿ ಪ್ರಾಕ್ಟಿಕಲ್‌ಗೆ ಇನ್ನೂ ಬಿಗಿ.

ಒಟ್ಟು ಸರಾಸರಿ ನೋಡಿ ಸಮಾಧಾನ ಪಡಬೇಡಿ, ಎಣಿಸುವುದು ಒಂದೊಂದು ವಿಷಯಕ್ಕೂ ಬೇರೆ ಬೇರೆ. 40 ತರಗತಿಯ ಒಂದು ವಿಷಯ ತಗೊಳ್ಳಿ: 85% ಅಂದರೆ 34, ತಪ್ಪಬಹುದಾದದ್ದು 6. 75% ಅಂದರೆ 30, ತಪ್ಪಬಹುದಾದದ್ದು 10. ವಾರಕ್ಕೆ ಮೂರು ಕ್ಲಾಸಿನ ಲೆಕ್ಕದಲ್ಲಿ ಹದಿನೇಳು ದಿನ ಊರಲ್ಲಿದ್ದವನಿಗೆ 7–8 ಕ್ಲಾಸು ತಪ್ಪಿರುತ್ತದೆ. ಅದಕ್ಕೆ ಮುಂಚೆ ಮೂರು ಬಂಕ್ ಹೊಡೆದಿದ್ದರೆ ಮುಗಿಯಿತು, 75%ರ ಗಡಿಗೆ ಬಂದು ನಿಂತ, ಇಲ್ಲವೇ ದಾಟಿದ. ಅದಕ್ಕೇ ಸೆಮಿಸ್ಟರ್ ಶುರುವಿನಲ್ಲಿ ಸಿನಿಮಾಕ್ಕೆ ಹೋದ ಮೂರು ಕ್ಲಾಸು ಆಮೇಲೆ ದುಬಾರಿಯಾಗುವುದು.

ಮನ್ನಾ ಅರ್ಜಿಯನ್ನು ಹಾಜರಿ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುವ ತನಕ ಇಟ್ಟುಕೊಳ್ಳಬೇಡಿ. ಪಟ್ಟಿ ಬಿದ್ದ ದಿನ ಆಫೀಸಿನ ಮುಂದೆ ಜಾತ್ರೆ. ಪೋಷಕರು, ಗಲಾಟೆ, ಅಳು. ಅದರ ನಡುವೆ ನಿಮ್ಮ ನಿಜವಾದ ಕಾರಣವೂ ನೂರರಲ್ಲಿ ಒಂದಾಗುತ್ತದೆ. ವಾಪಸ್ ಬಂದ ವಾರವೇ ಕೊಟ್ಟ ಅರ್ಜಿ ಕಡತದಲ್ಲಿ ಮೊದಲೇ ಕೂತಿರುತ್ತದೆ. ಬಸುರಿ, ಬಾಣಂತಿ ವಿದ್ಯಾರ್ಥಿನಿಯರಿಗೆ ರಜೆ, ಹಾಜರಿಯಲ್ಲಿ ರಿಯಾಯಿತಿ ಕೊಡಬೇಕೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಪಿಎಚ್‌ಡಿ ಮಾಡುವ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ. ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿ, ಕಚೇರಿಯಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಇನ್ನು ಸೆಮಿಸ್ಟರ್ ಪರೀಕ್ಷೆ

ಬಂದ್ ಆದಾಗ, ಮಳೆ ಹುಚ್ಚೆದ್ದಾಗ ವಿಶ್ವವಿದ್ಯಾಲಯ ಎಲ್ಲರಿಗೂ ಪರೀಕ್ಷೆ ಮುಂದೂಡುತ್ತದೆ. ಅದನ್ನು ನೋಡಿ "ನನಗೂ ಮುಂದೂಡಿ" ಅಂತ ಕೇಳುತ್ತಾರೆ. ಸಂಯೋಜಿತ ಕಾಲೇಜುಗಳಲ್ಲಿ, ಅಂದರೆ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸುವ ಕಡೆ, ಒಬ್ಬರಿಗೋಸ್ಕರ ಮುಂದೂಡುವ ಪದ್ಧತಿ ಇಲ್ಲ. ಗೈರಾದರೆ ಮಾರ್ಕ್ಸ್ ಕಾರ್ಡಿನಲ್ಲಿ ಗೈರು ಅಂತ ಬರುತ್ತದೆ, ಮುಂದಿನ ಸುತ್ತಿನಲ್ಲಿ ಬರೆಯುತ್ತೀರಿ. ಕೇಳಬೇಕಾದ ಪ್ರಶ್ನೆ ಬೇರೆ: ಮುಂದಿನ ಸುತ್ತು ಯಾವಾಗ? ಕೆಲವು ಕಡೆ ಆರು ತಿಂಗಳಿಗೇ ಬರುತ್ತದೆ, ಕೆಲವು ಕಡೆ ಬೆಸ ಸೆಮಿಸ್ಟರಿನ ಪೇಪರು ಮತ್ತೆ ಬೆಸ ಸೆಮಿಸ್ಟರಿನಲ್ಲೇ, ಅಂದರೆ ಒಂದು ವರ್ಷಕ್ಕೆ. ಕೊನೇ ವರ್ಷದವರಿಗೆ ಇದು ಕೆಲಸ, ಎಂಕಾಂ ಸೀಟು ಎಲ್ಲದರ ಪ್ರಶ್ನೆ. ಪರೀಕ್ಷಾ ವಿಭಾಗದಲ್ಲಿ ಕೇಳಿ, "ಪೂರಕ ಪರೀಕ್ಷೆ ಇದೆಯಾ, ಯಾವಾಗ ನೋಟಿಫಿಕೇಷನ್ ಬರುತ್ತೆ" ಅಂತ.

ನನ್ನ ಅಭಿಪ್ರಾಯ, ಕೆಲವರಿಗೆ ಕಠಿಣ ಅನ್ನಿಸಬಹುದು: ಮೈ ಏಳುವ ಸ್ಥಿತಿಯಲ್ಲಿದ್ದರೆ ಹೋಗಿ ಬರೆಯಿರಿ. ಫೇಲಾದರೂ ಗೈರಾದರೂ ಮತ್ತೆ ಬರೆಯುವುದು, ಶುಲ್ಕ ಕಟ್ಟುವುದು ಒಂದೇ. ಆರು ಪೇಪರಿನಲ್ಲಿ ಓದಿರುವ ಮೂರನ್ನು ಬರೆದು, ಉಳಿದ ಮೂರನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬಿಡಿ. ಒಂದು ಪೇಪರ್ ತಪ್ಪಿತು ಅಂತ ಇಡೀ ಸೆಮಿಸ್ಟರ್ ಬಿಟ್ಟವರು ಮುಂದಿನ ಸುತ್ತಿನಲ್ಲಿ ಹನ್ನೆರಡು ಪೇಪರಿನ ಗುಡ್ಡದ ಕೆಳಗೆ ಕೂತಿರುತ್ತಾರೆ.

ಸ್ವಾಯತ್ತ ಕಾಲೇಜಿನವರು ಮಾತ್ರ ಈ ಮಾತನ್ನು ಹಾಗೇ ತಗೊಳ್ಳಬೇಡಿ. ವಿಟಿಯು ಅಡಿಯ ಸ್ವಾಯತ್ತ ಕಾಲೇಜುಗಳಲ್ಲಿ ಸಕಾರಣಕ್ಕೆ ಪರೀಕ್ಷೆ ತಪ್ಪಿದವರಿಗೆ 'ಐ' ಗ್ರೇಡ್ ಕೊಟ್ಟು, ಕೆಲವೇ ವಾರದಲ್ಲಿ ಮೇಕಪ್ ಪರೀಕ್ಷೆ ಕೊಡುವ ವ್ಯವಸ್ಥೆ ಇದೆ. ಇಂಟರ್ನಲ್ಸ್ ಮತ್ತು ಹಾಜರಿ ಸರಿಯಿರಬೇಕು, ಅರ್ಜಿ ಕೂಡಲೇ ಹೋಗಬೇಕು. ಹಾಲ್‌ನೊಳಗೆ ಹೋಗಿ ಖಾಲಿ ಪೇಪರ್ ಕೊಟ್ಟು ಬಂದರೆ ನೀವು ತಪ್ಪಿಸಿಕೊಂಡವರ ಲೆಕ್ಕದಿಂದ ಫೇಲಾದವರ ಲೆಕ್ಕಕ್ಕೆ ಹೋಗಬಹುದು. ಹಾಗಾಗಿ ಪರೀಕ್ಷೆಯ ಹಿಂದಿನ ದಿನವೇ ಪರೀಕ್ಷಾ ನಿಯಂತ್ರಕರ ಕಚೇರಿಗೆ ಫೋನ್ ಮಾಡಿ ಕೇಳಿ. ಸೆಮಿಸ್ಟರ್ ಮಧ್ಯದಲ್ಲೇ ಭಾರ ಜಾಸ್ತಿ ಅನ್ನಿಸಿದರೆ ಒಂದು ವಿಷಯವನ್ನು ಕೈಬಿಡುವ ಅವಕಾಶವೂ ಇಂಥ ಕಡೆ ಇರುತ್ತದೆ. ಅದಕ್ಕೊಂದು ಕೊನೇ ದಿನ ಇದ್ದೇ ಇರುತ್ತದೆ.

ಬಲಗೈ ಮುರಿದುಕೊಂಡಿದ್ದರೆ ಪರೀಕ್ಷೆ ಬಿಡುವ ಮೊದಲು, ನೀವು ಹೇಳಿದ್ದನ್ನು ಬರೆಯುವ ಲಿಪಿಕಾರರು (ಸ್ಕ್ರೈಬ್) ಬೇಕೆಂದು ಕೇಳಿ. ಅಂಗವೈಕಲ್ಯ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯದ ಹಕ್ಕೂ ಇದೆ. ಪ್ಲಾಸ್ಟರ್ ಹಾಕಿದ ವೈದ್ಯರ ಪತ್ರದೊಂದಿಗೆ ಬೇಗ ಅರ್ಜಿ ಕೊಟ್ಟರೆ ಅಪಘಾತವಾದವರಿಗೂ ಲಿಪಿಕಾರರು ಸಿಗುವುದನ್ನು ನೋಡಿದ್ದೇನೆ. ಬೆಳಗ್ಗೆ ಒಂಬತ್ತೂವರೆಗೆ ಬಂದು ಕೇಳಿದರೆ ಆಗದು.

ಏನೇ ಆಗಲಿ, ಪರೀಕ್ಷಾ ಅರ್ಜಿ ತುಂಬಿ ಶುಲ್ಕ ಕಟ್ಟುವುದನ್ನು ಬಿಡಬೇಡಿ. ಬರೆಯುವುದೇ ಇಲ್ಲ ಅಂದುಕೊಂಡಿದ್ದರೂ. ಶುಲ್ಕ ಕಟ್ಟದವರಿಗೆ ಹಾಲ್ ಟಿಕೆಟ್ ಇಲ್ಲ, ಮನಸ್ಸು ಬದಲಾದರೂ ದಾರಿ ಇಲ್ಲ. ದಂಡ ಶುಲ್ಕದ ದಿನಾಂಕ ಮುಗಿದ ಮೇಲೆ ಜ್ಞಾನಭಾರತಿಗೆ ಹೋಗಿ ಎಷ್ಟು ಹೊತ್ತು ನಿಂತರೂ ಅಷ್ಟೇ.

ಮನಸ್ಸೇ ಸರಿಯಿಲ್ಲದಾಗ

ನಿದ್ದೆ ಬಾರದೆ, ಪುಸ್ತಕ ತೆರೆಯಲಾಗದೆ, ಹಾಸಿಗೆಯಿಂದ ಏಳಲಾಗದೆ ಇರುವವರು ಅರ್ಜಿಯನ್ನೇ ಕೊಡುವುದಿಲ್ಲ. "ಏನಂತ ಬರೀಲಿ ಮೇಡಂ, ಹುಚ್ಚು ಅಂದ್ಕೋತಾರೆ" ಅಂದಿದ್ದಳು ಒಬ್ಬಳು. ಪತ್ರದಲ್ಲಿ "ವೈದ್ಯಕೀಯ ಕಾರಣದಿಂದ" ಅಂದರೆ ಸಾಕು. ಮನೋವೈದ್ಯರ ಹತ್ತಿರ ಹೋದರೆ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು ಬೇಡ, "ಚಿಕಿತ್ಸೆಯಲ್ಲಿದ್ದಾರೆ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಬೇಕು" ಅಂತ ಬರೆಯಿರಿ ಎಂದು ಕೇಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಲು ಹಿಂಜರಿಕೆಯಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಅರ್ಜಿ, ಅಂಕ, ಹಾಜರಿ ಎಲ್ಲ ಪಕ್ಕಕ್ಕಿಡಿ. ಆ ಪತ್ರವನ್ನು ಆಮೇಲೆ ಯಾರಾದರೂ ಬರೆದುಕೊಡುತ್ತಾರೆ. ಮೊದಲು ಆ ಫೋನು, ಇಲ್ಲವೇ ಹತ್ತಿರ ಇರುವ ಒಬ್ಬರ ಕೈ ಹಿಡಿದು ಆಸ್ಪತ್ರೆ.

ಆಗಲ್ಲ ಅಂದರೆ

ಬಾಯಲ್ಲಿ "ಆಗಲ್ಲ" ಅಂದರೆ ಅದು ಉತ್ತರವಲ್ಲ. "ಸರ್, ಪತ್ರದ ಮೇಲೆ ಬರೆದುಕೊಡಿ" ಅಂತ ವಿನಯವಾಗಿ ಕೇಳಿ. ಬರೆಯಬೇಕಾಗಿ ಬಂದಾಗ ಎಷ್ಟೋ ಸಲ ನಿರ್ಧಾರವೇ ಮೆತ್ತಗಾಗುತ್ತದೆ. ಮೇಷ್ಟ್ರಿಂದ ಎಚ್‌ಒಡಿ, ಅಲ್ಲಿಂದ ಪ್ರಿನ್ಸಿಪಾಲ್, ಮೆಟ್ಟಿಲು ಹಾರಬೇಡಿ. ಅಪ್ಪನ ಪರಿಚಯದ ಕಾರ್ಪೊರೇಟರ್ ಕೈಲಿ ಫೋನ್ ಮಾಡಿಸಬೇಡಿ. ಆ ಫೋನು ಬಂದ ಮೇಲೆ ಒಳಗೆ ಇದ್ದ ಅನುಕಂಪವೂ ಆರಿಹೋಗುತ್ತದೆ.

ಅದೂ ಆಗದಿದ್ದರೆ, ಯುಜಿಸಿಯ 2023ರ ನಿಯಮದ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ದೂರು ವಿಚಾರಿಸುವವರು) ಮೇಲ್ಮನವಿ. ಇವೆಲ್ಲ ನಡೆಯುವಷ್ಟರಲ್ಲಿ ಇಂಟರ್ನಲ್ಸ್ ಪೋರ್ಟಲ್ ಮುಚ್ಚಿರುತ್ತದೆ ಎನ್ನುವುದು ನಿಜ. ಆದರೂ ದೂರು ಕೊಟ್ಟ ದಿನಾಂಕ ಮುಂದೆ ಅಂಕ ತಿದ್ದಿಸುವಾಗ ಆಧಾರವಾಗುತ್ತದೆ. ಇಲ್ಲಿ ಸೀಲು ಬಿದ್ದ ಆ ಪ್ರತಿ ಇಲ್ಲದಿದ್ದರೆ ನಿಮ್ಮ ಮಾತು ಬರೀ ಮಾತು.

ಪೋರ್ಟಲ್

ನೋಟಿಸ್ ಬೋರ್ಡಿನಲ್ಲಿರುವ ಅಸೈನ್‌ಮೆಂಟ್ ದಿನಾಂಕ ಮೇಷ್ಟ್ರು ತಮ್ಮ ಅನುಕೂಲಕ್ಕೆ ಇಟ್ಟಿದ್ದು. ನಿಜವಾದ ಕೊನೇ ದಿನ ಇಂಟರ್ನಲ್ಸ್ ಅಂಕ ವಿಶ್ವವಿದ್ಯಾಲಯಕ್ಕೆ ಅಪ್‌ಲೋಡ್ ಮಾಡಲು ಕೊಟ್ಟ ದಿನ. ಅದು ಲಾಕ್ ಆದ ಮೇಲೆ ಮೇಷ್ಟ್ರು ಮನಸ್ಸು ಮಾಡಿದರೂ ಏನೂ ಮಾಡಲಾಗುವುದಿಲ್ಲ. ಪ್ರಿನ್ಸಿಪಾಲ್ ಪತ್ರ, ವಿಶ್ವವಿದ್ಯಾಲಯದ ಅನುಮತಿ, ಕೆಲವೊಮ್ಮೆ ದಂಡ, ಅಷ್ಟು ದೂರ ಹೋಗಬೇಕು. "ಸರ್, ಐಎ (ಇಂಟರ್ನಲ್ಸ್ ಅಂಕ) ಅಪ್‌ಲೋಡ್ ಯಾವತ್ತಿಗೆ ಕ್ಲೋಸ್?" ಅಂತ ಕೇಳಿದ ವಿದ್ಯಾರ್ಥಿಯನ್ನು ಯಾವ ಮೇಷ್ಟ್ರೂ ಹಗುರವಾಗಿ ನೋಡುವುದಿಲ್ಲ. ವಿಟಿಯುನ ಈಚಿನ ಸ್ಕೀಮುಗಳಲ್ಲಿ ಇಂಟರ್ನಲ್ಸ್ 50 ಅಂಕ, ಅದರಲ್ಲಿ 20 ಇಲ್ಲದಿದ್ದರೆ ಥಿಯರಿ ಪರೀಕ್ಷೆಗೆ ಕೂರಲೂ ಬಿಡುವುದಿಲ್ಲ.

ಆ ಹುಡುಗನ ಅರ್ಜಿ ಮಧ್ಯಾಹ್ನವೇ ಎಚ್‌ಒಡಿ ಮೇಜಿಗೆ ಹೋಯಿತು. ಮಾರನೇ ದಿನ ಲೈಬ್ರರಿಯ ಮೂಲೆಯಲ್ಲಿ ಕೂರಿಸಿ ಒಂದು ಟೆಸ್ಟ್ ಬರೆಸಿದರು, ಅದರ ಮಾರನೇ ದಿನ ಇನ್ನೊಂದು. ಆದಾಯ ತೆರಿಗೆಯಲ್ಲಿ ಚೆನ್ನಾಗಿಯೇನೂ ಬರೆದಿರಲಿಲ್ಲ. ಅಸೈನ್‌ಮೆಂಟು ಕೊನೇ ದಿನ ಸಂಜೆ ನಾಲ್ಕಕ್ಕೆ ಬಂತು, ಇನ್ನೂ ಶಾಯಿ ಒಣಗಿರಲಿಲ್ಲ. ಅಂಕ ಅಪ್‌ಲೋಡ್ ಆದ ಮೇಲೆ ನಾನು ಅವನನ್ನು ಕರೆದು ಸ್ಕ್ರೀನ್ ತೋರಿಸಿದೆ, ಅವನು ಫೋಟೋ ತೆಗೆದುಕೊಂಡ.

ನೀವೂ ಅಷ್ಟನ್ನು ಮಾಡಿ. ನಿಮ್ಮ ಲಾಗಿನ್‌ನಲ್ಲಿ ಇಂಟರ್ನಲ್ಸ್ ಅಂಕ ಕಾಣಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫಲಿತಾಂಶ ಬಂದ ದಿನ ಒಟ್ಟು ಅಂಕ ನೋಡುವ ಮೊದಲು ಆ ಕಾಲಂ ನೋಡಿ. ಮತ್ತೆ ಬರೆದ ಟೆಸ್ಟಿನ ಅಂಕ ಸೇರದೆ ಸೊನ್ನೆ ಉಳಿದಿದ್ದರೆ, ಅಥವಾ 'ನಾಟ್ ಎಲಿಜಿಬಲ್' ಅಂತ ಬಂದಿದ್ದರೆ, ಸೀಲು ಬಿದ್ದ ಪತ್ರ, ಎಚ್‌ಒಡಿ ಷರಾ, ಸ್ಕ್ರೀನ್‌ಶಾಟ್ ಮೂರರ ಜೆರಾಕ್ಸ್ ತಗೊಂಡು ಅದೇ ವಾರ ಪರೀಕ್ಷಾ ವಿಭಾಗದ ಕಿಟಕಿಗೆ ಬನ್ನಿ. ಊಟದ ಹೊತ್ತು ಬಿಟ್ಟು, ಎರಡೂವರೆ ಮೇಲೆ.